ದೋಣಿಯ ಮೋಟಾರಿಗಾಗಿ ಸಂಶಿಯವರೆಗೆ

ನಮ್ಮ ಊರಿನಿಂದ ಕಲಘಟಗಿಗೆ ಹೋಗುವ ಬೆಳಗಿನ ಬಸ್ಸು ಹೊರಡುವ ಮೊದಲೇ ನನ್ನ ತಾಳ್ಮೆ ಅರ್ಧ ಮುಗಿದಿತ್ತು. ಯಲ್ಲಪ್ಪ ಕಾಕಾ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಇನ್ನೊಂದು ಕಾಲು ನೆಲದ ಮೇಲೆ ಇಟ್ಟುಕೊಂಡು, "ಯವ್ವಾ, ನೀ ಒಬ್ಬಾಕಿನ ಹೋಗಿ ಬಾ. ನಿನಗ ಬಸ್ಸು ಪುಕ್ಕಟೆ ಐತಿ. ನನ್ನ ಟಿಕೇಟಿನ ರೊಕ್ಕ ಯಾಕ ದಂಡ?" ಎಂದ. ಹಿಂದೆ ನಿಂತವರು ನೂಕಿದ್ದರಿಂದ ಒಳಗೆ ಬಂದನೇ ಹೊರತು ನನ್ನ ಮಾತಿಗೆ ಬೆಲೆ ಕೊಟ್ಟು ಬಂದವನಲ್ಲ.

ಬಮ್ಮಿಗಟ್ಟಿಯ ಬಾಜೂಕಿನ ನಮ್ಮ ಊರ ಕೆರೆಯಲ್ಲಿ ನಮ್ಮ ಅಬ್ಬಾ ಮತ್ತು ಈ ಕಾಕಾ ಸೇರಿ ಮೀನು ಹಿಡಿಯುತ್ತಾರೆ. ನನಗೆ ತಿಳಿವಳಿಕೆ ಬಂದಾಗಿನಿಂದ ಕಂಡದ್ದು ಒಂದೇ ಪದ್ಧತಿ: ಕಾಕಾ ದೋಣಿಯ ಹಿಂದೆ ಕೂತು ಹುಟ್ಟು ಹಾಕುವುದು, ಅಬ್ಬಾ ಮುಂದೆ ನಿಂತು ಬಲೆ ಬಿಡುವುದು, ಎಳೆಯುವುದು. ಈ ವರ್ಷ ಕಾಕಾನ ಬಲ ಭುಜ ಕೈಕೊಟ್ಟಿತು. ಇನ್ನು ಹುಟ್ಟು ಮುಟ್ಟಬೇಡ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದರು. ಬ್ಯಾಟರಿಯ ಮೇಲೆ ನಡೆಯುವ ಸಣ್ಣ ಮೋಟಾರು ಬರುತ್ತದಂತೆ, ದೋಣಿಗೆ ಅದನ್ನೇ ಹಾಕಿಬಿಡೋಣ ಎಂದು ಅಬ್ಬಾ ನಿಶ್ಚಯ ಮಾಡಿದ. ಅವನಿಗೆ ಬಸ್ಸು ಹತ್ತಿದರೆ ತಲೆ ತಿರುಗುತ್ತದೆ. ಹೀಗಾಗಿ ಆರಿಸಿ ತರುವ ಕೆಲಸ ನನ್ನ ತಲೆಗೆ ಬಂತು. ಕಲಘಟಗಿಯ ಶಾಲೆಯಲ್ಲಿ ಮಾಸ್ತರಿಕೆ ಮಾಡುವವಳಿಗೆ ಮೋಟಾರಿನ ವಿಷಯವೂ ಗೊತ್ತಿರಬೇಕು ಎಂಬುದು ನಮ್ಮ ಮನೆಯವರ ನಂಬಿಕೆ.

ಹೊರಡುವ ಮುಂಚೆ ಅಬ್ಬಾ ನನ್ನನ್ನು ಬದಿಗೆ ಕರೆದು, "ರೇಷ್ಮಾ, ಒಬ್ಬನ ಕೈಲೆ ನಡಿಯೂವಂಥಾದ್ದು ನೋಡ. ಯಲ್ಲಪ್ಪ ಇನ್ನ ಮನ್ಯಾಗ ಆರಾಮ ಇರ್ಲಿ," ಎಂದಿದ್ದ. ನಮ್ಮ ಅಬ್ಬಾನ ಮೆಲುದನಿ ಓಣಿಯ ಆ ತುದಿಗೆ ಕೇಳುತ್ತದೆ. ಕಾಕಾ ಕಟ್ಟೆಯ ಮೇಲೆ ಕೂತು ಚಪ್ಪಲಿ ಹಾಕಿಕೊಳ್ಳುತ್ತಿದ್ದ. ತಲೆ ಎತ್ತಲಿಲ್ಲ.

ಬಸ್ಸಿನಲ್ಲಿ ನಾನು ಕೇಳಿದ ಮೊದಲ ಪ್ರಶ್ನೆ ದೋಣಿಯ ಅಳತೆಯದು. ಮೋಟಾರಿನಲ್ಲಿ ನೀರಿಗಿಳಿಯುವ ಕೊಳವೆ ಎಷ್ಟು ಉದ್ದ ಇರಬೇಕು ಎನ್ನುವುದು ದೋಣಿಯ ಹಿಂಬದಿಯ ಎತ್ತರ ನೋಡಿ ತೀರ್ಮಾನವಾಗುತ್ತದೆ ಎಂದು ಫೋನಿನಲ್ಲಿ ಓದಿದ್ದೆ, ಅಳೆದು ತಾ ಎಂದು ಎರಡು ಸಲ ಹೇಳಿದ್ದೆ.

"ಅಳದೀನಲ್ಲ. ಎರಡು ಗೇಣ ಮ್ಯಾಲೆ ನಾಕ ಬೆರಳ."

"ಯಾರ ಗೇಣು ಕಾಕಾ?"

"ಮತ್ತ್ಯಾರದು? ನಂದ."

ಸೀಟಿನ ಮೇಲೆ ಅವನ ಕೈ ಚಾಚಿಸಿ, ನನ್ನ ಚೀಲದಲ್ಲಿದ್ದ ಶಾಲೆಯ ಸ್ಕೇಲಿನಿಂದ ಅಳೆದೆ. ರಸ್ತೆಯ ತಗ್ಗಿಗೆ ಬಸ್ಸು ಕುಣಿದಾಗೆಲ್ಲ ಗೇಣು ಅರ್ಧ ಇಂಚು ಬೆಳೆಯುತ್ತಿತ್ತು. ಕಂಡಕ್ಟರು ನನ್ನ ಆಧಾರ್ ಕಾರ್ಡು ನೋಡಿ ಸೊನ್ನೆಯ ಟಿಕೇಟು ಹರಿದು ಕೊಟ್ಟು, ನಾವಿಬ್ಬರೂ ಏನು ಮಾಡುತ್ತಿದ್ದೇವೆಂದು ಕೇಳಬೇಕೆಂದಿದ್ದವರು ಸುಮ್ಮನೆ ಮುಂದೆ ಹೋದರು.

ಕಲಘಟಗಿಯಲ್ಲಿ ಬಸ್ಸು ಬದಲಿಸಿ ಮೂವತ್ತು ಕಿಲೋಮೀಟರು ಹೋಗಿ ಹುಬ್ಬಳ್ಳಿಗೆ ಇಳಿದಾಗ ಮಂಜು ಕರಗಿ ಬಿಸಿಲು ಚುರುಕಾಗಿತ್ತು. ಮೋಟಾರಿನ ಅಂಗಡಿಗಳ ಸಾಲಿಗೆ ಹೋದೆವು. ಇಲ್ಲಿನವರಿಗೆ ಮೋಟಾರು ಎಂದರೆ ನೀರು ಎತ್ತುವುದು, ಮುಗಿಯಿತು. ಮೊದಲನೆಯವರು "ಎಷ್ಟು ಎಚ್‌ಪಿರಿ?" ಎಂದರು. ಎರಡನೆಯವರು "ಸಿಂಗಲ್ ಫೇಸೋ ತ್ರೀ ಫೇಸೋ?" ಎಂದರು. ದೋಣಿಗೆ ಎಂದು ನಾನು ಮೂರು ಸಲ ಒತ್ತಿ ಹೇಳಿದ ಮೇಲೆ ಮೂರನೆಯವರು ಒಳಗಿಂದ ಬೋರ್‌ವೆಲ್ಲಿನ ಉದ್ದನೆಯ ಪಂಪು ತಂದು ನನ್ನ ಮುಂದೆ ಮಲಗಿಸಿ, "ಇದು ನೀರಾಗ ಮುಳಗಿದ್ರೂ ಏನೂ ಆಗಂಗಿಲ್ರಿ," ಎಂದು ಭರವಸೆ ಕೊಟ್ಟರು. ದೋಣಿಯ ಮೋಟಾರಿನ ಬಲವನ್ನು ಎಚ್‌ಪಿಯಲ್ಲಿ ಅಲ್ಲ, ಎಷ್ಟು ಪೌಂಡು ತಳ್ಳುತ್ತದೆ ಎಂದು ಹೇಳುತ್ತಾರೆ ಎಂದೆ. ಅವರಿಗೆ ನನ್ನ ಮೇಲೆ ಕನಿಕರ ಬಂತು.

ಕಾಕಾ ಮಾತ್ರ ಪ್ರತಿ ಅಂಗಡಿಯಿಂದಲೂ ಖುಷಿಯಾಗಿ ಹೊರಬಿದ್ದ. "ಸಿಗಂಗಿಲ್ಲ ಬಿಡ. ಊಟಾ ಮಾಡಿ ಹೊಳ್ಳಿ ಹೋಗೂಣು."

ನಾಲ್ಕನೆಯ ಅಂಗಡಿಯ ಹಿರಿಯರು ನನ್ನ ಪಾಡು ನೋಡಲಾರದೆ ಒಂದು ದಾರಿ ತೋರಿಸಿದರು. ಸಂಶಿಯಲ್ಲಿ ಒಬ್ಬರು ಮೀನು ಸಾಕುವ ಹೊಂಡದ ಸಾಮಾನು ಮಾರುತ್ತಾರೆ, ಇಂಥ ಮೋಟಾರುಗಳನ್ನೂ ತರಿಸುತ್ತಾರೆ ಎಂದರು. ಖಾನಾವಳಿಯಲ್ಲಿ ರೊಟ್ಟಿ, ಎಣ್ಣೆಗಾಯಿ ತಿಂದು ಸ್ಟೇಷನ್ನಿಗೆ ನಡೆದೆವು. ಪ್ಯಾಸೆಂಜರ್ ರೈಲಿಗೆ ತಲೆಗೆ ಹತ್ತೇ ರೂಪಾಯಿ. ಇಲ್ಲಿ ನನಗೂ ಟಿಕೇಟು ತೆಗೆಯಬೇಕಾಗಿ ಬಂದದ್ದು ಕಾಕಾನಿಗೆ ಇನ್ನೊಂದು ಸಮಾಧಾನ.

ಕುಂದಗೋಳ ದಾಟಿದ ಮೇಲೆ ಎರಡೂ ಬದಿಗೆ ಎರೆಹೊಲ, ಹತ್ತಿ ಬಿಡಿಸುವ ಹೆಂಗಸರು, ಕೆಂಪಾಗುತ್ತಿದ್ದ ಮೆಣಸಿನಗಿಡ. ಕಿಟಕಿಯ ಪಕ್ಕ ಕೂತು ಎರಡು ಮಿನಿಟು ಅದನ್ನೆಲ್ಲ ಸುಮ್ಮನೆ ನೋಡುವ ಭಾಗ್ಯ ನನಗಿರಲಿಲ್ಲ. ಕಾಕಾ ತಕರಾರು ಶುರು ಮಾಡಿದ್ದ. ಮೋಟಾರಿನ ಸಪ್ಪಳಕ್ಕೆ ಮೀನು ಓಡಿಹೋಗುತ್ತವೆ. ಸಪ್ಪಳ ಇರುವುದಿಲ್ಲ ಎಂದೆ. ಹಾಗಾದರೆ ಅದು ನಡೆಯುತ್ತಿದೆಯೋ ಕೆಟ್ಟಿದೆಯೋ ಗೊತ್ತಾಗುವುದು ಹೇಗೆ? ಕೆರೆಯ ಬಳ್ಳಿ ಸುತ್ತಿಕೊಂಡರೆ? ನಡು ಕೆರೆಯಲ್ಲಿ ಬ್ಯಾಟರಿ ಮುಗಿದರೆ? ಬಳ್ಳಿ ಸುತ್ತಿದರೆ ಮೇಲೆತ್ತಿ ಬಿಡಿಸಬೇಕು, ಬ್ಯಾಟರಿ ಮುಗಿದರೆ ಅಬ್ಬಾ ಹುಟ್ಟು ಹಾಕುತ್ತಾನೆ ಎಂದೆ. "ಅಂವಾ?" ಎಂದು ಕಾಕಾ ಗಟ್ಟಿಯಾಗಿ ನಕ್ಕ. "ನಿಮ್ಮಪ್ಪ ಹುಟ್ಟು ಹಾಕಿದ್ರ ದೋಣಿ ಗಾಣದ ಎತ್ತಿನಂಗ ಅಲ್ಲೇ ತಿರಗತೈತಿ."

ಸಂಶಿಯ ಅಂಗಡಿಯವರು ಶಾಂತ ಸ್ವಭಾವದವರು. ನಮ್ಮನ್ನು ಅಂಗಡಿಯ ಹಿಂದಿನ ತಮ್ಮ ಹೊಲಕ್ಕೆ ಕರೆದುಕೊಂಡು ಹೋದರು. ಅಲ್ಲಿ ದೊಡ್ಡ ಹೊಂಡ, ಅದರಲ್ಲಿ ನಮ್ಮದರಂಥದೇ ಒಂದು ಫೈಬರ್ ದೋಣಿ. ದೋಣಿ ಹನ್ನೆರಡು ಫೂಟು, ಇಬ್ಬರು ಆಳು, ಬಲೆ, ಮೀನು ಎಂದು ಕೇಳಿಕೊಂಡು, ಐವತ್ತೈದು ಪೌಂಡಿನದು ಸಾಕು ಎಂದರು. ಟ್ರ್ಯಾಕ್ಟರಿನ ಬ್ಯಾಟರಿ ಜೋಡಿಸಬೇಡಿ, ನಿಧಾನವಾಗಿ ಬಹಳ ಹೊತ್ತು ಕರೆಂಟು ಕೊಡುವ ಬ್ಯಾಟರಿಯೇ ಬೇಕು ಎಂದರು. ಕಾಕಾನ ಗೇಣನ್ನು ನಾನು ಇಂಚಿಗೆ ಇಳಿಸಿದ್ದೂ ಅವರಿಗೆ ಒಪ್ಪಿಗೆಯಾಯಿತು. ಉಳಿದದ್ದು ಒಂದೇ ಪ್ರಶ್ನೆ. ಹಿಡಿಕೆ ಹಿಡಿದು ತಿರುಗಿಸುವುದು ಬೇಕೋ, ರಿಮೋಟಿನದು ಬೇಕೋ?

ರಿಮೋಟಿನದನ್ನು ಅವರೇ ನಡೆಸಿ ತೋರಿಸಿದರು. ದೋಣಿಯಲ್ಲಿ ಮುಂದೆ ನಿಂತು ಬಲೆ ಎಳೆಯುವವರಂತೆ ಬಾಗಿ, ಕೊರಳಲ್ಲಿ ನೇತುಬಿದ್ದ ಗುಂಡಿ ಒತ್ತಿದರು. ದೋಣಿ ತಾನಾಗಿಯೇ ಮುಂದೆ ಹೋಯಿತು, ತಿರುಗಿತು, ನಿಂತಿತು. ದಡಕ್ಕೆ ಬಂದು, "ನೋಡ್ರಿ, ಬಲಿ ಎಳಿಯಾವ ಒಬ್ಬ ಇದ್ರ ಸಾಕು. ಎರಡನೇ ಮನಿಷ್ಯಾ ಬೇಕಾಗಂಗಿಲ್ಲ," ಎಂದರು.

ಕಾಕಾ ಏನು ತಪ್ಪು ತೆಗೆಯುತ್ತಾನೋ ಎಂದು ನಾನು ಸಿದ್ಧಳಾಗಿಯೇ ನಿಂತಿದ್ದೆ. ಅವನು ಖಾಲಿ ದೋಣಿಯ ಹಿಂದಿನ ಹಲಗೆಯನ್ನು ನೋಡುತ್ತಿದ್ದ. "ಅಗದಿ ಛಲೋ ಐತಿ. ಇದನ್ನ ತಗೋ," ಎಂದ.

ಬೆಳಗಿನಿಂದ ಗಾಳಿಯಲ್ಲೂ ಕಲ್ಲು ಹುಡುಕಿದ ಮನುಷ್ಯ ಈ ಮೋಟಾರಿಗೆ ಒಂದೂ ಕೊರತೆ ಹೇಳಲಿಲ್ಲ. ಆಗ ನನಗೆ ಹೊಳೆಯಿತು. ಅಬ್ಬಾ ಕಟ್ಟೆಯ ಹತ್ತಿರ ಹೇಳಿದ್ದನ್ನು ಕೇಳಿಸಿಕೊಂಡೇ ಅವನು ಬಸ್ಸು ಹತ್ತಿದ್ದ. ತನ್ನ ಜಾಗಕ್ಕೆ ಬರುವವನನ್ನು ಆರಿಸಲು ತಾನೇ ಬಂದಿದ್ದ.

"ಕಾಕಾ, ನಿನಗ ಕೆರಿ ಬಿಡೂ ಮನಸೈತೇನು?"

"ನನ್ನ ಮನಸ ಯಾಂವ ಕೇಳ್ಯಾನ? ನಿಮ್ಮಪ್ಪಗ ಅನುಕೂಲ ಆಗ್ಲಿ."

ಅಬ್ಬಾನಿಗೆ ಫೋನು ಹಚ್ಚಿದೆ. ಎರಡು ಥರ ಇವೆ, ಒಂದಕ್ಕೆ ಹಿಂದೆ ಕೂರುವವರು ಬೇಕು ಎಂದೆ. "ಬ್ಯಾಡ ಬ್ಯಾಡ, ಅಂವಗ ತ್ರಾಸ ಆಗತೈತಿ. ಒಬ್ಬನ ಕೈಲೆ ನಡಿಯೂದ ತಾ," ಎಂದ. ಫೋನು ಕಾಕಾನ ಕೈಗೆ ಕೊಟ್ಟೆ. ಆಮೇಲೆ ಕೇಳಿಸಿದ್ದು ಇಷ್ಟು: "ಅದನ್ನ ತರತೀವೋ ಮಾರಾಯಾ... ನನಗೇನ ತ್ರಾಸ?... ನೀ ಹೇಳಿದಂಗ ಆಗ್ಲಿ... ಇಲ್ಲಲೇ, ನಿನಗ ಅನುಕೂಲ ಆದ್ರ ಸಾಕು... ನನಗ ಯಾಕ ಸಿಟ್ಟು ಬರತೈತಿ?" ದಿನವೂ ಒಂದೇ ದೋಣಿಯಲ್ಲಿ ಕೂರುವ ಇಬ್ಬರು ಗಂಡಸರು, ಇಬ್ಬರಿಗೂ ಬೇಡವಾದ ಮೋಟಾರನ್ನು ಒಬ್ಬರಿಗಾಗಿ ಒಬ್ಬರು ಕೊಳ್ಳಲು ಹಟ ಹಿಡಿದಿದ್ದರು. ಅಂಗಡಿಯವರು ಚಹಾ ತರಿಸಿದರು. ನನಗೆ ತಲೆ ಕೆಟ್ಟಿತು.

ಫೋನು ಕಸಿದುಕೊಂಡೆ. "ಅಬ್ಬಾ, ಆರಸೂ ಕೆಲಸ ನನಗ ಕೊಟ್ಟೀರಿ. ನಾ ಆರಸ್ತೀನಿ," ಎಂದು ಕಟ್ ಮಾಡಿದೆ. ಹಿಡಿಕೆಯ ಮೋಟಾರನ್ನು ದೋಣಿಗೆ ಬಿಗಿಯಲು ಅಂಗಡಿಯವರಿಗೆ ಹೇಳಿದೆ. "ಕಾಕಾ, ಹತ್ತು. ಎಡಗೈಲೆ ಹಿಡಿ," ಎಂದು ತರಗತಿಯ ದನಿಯಲ್ಲೇ ಹೇಳಿದೆ. ಭುಜ ನೋವು, ಬೂಟಿಲ್ಲ, ಚಹಾ ಆರುತ್ತದೆ ಎಂದೆಲ್ಲ ಗೊಣಗುತ್ತಲೇ ಹತ್ತಿದ.

ಮೊದಲು ದೋಣಿ ದಡಕ್ಕೇ ಬಂದು ಗುದ್ದಿತು. ಎಡಕ್ಕೆ ಹೋಗಬೇಕಾದರೆ ಹಿಡಿಕೆಯನ್ನು ಬಲಕ್ಕೆ ದೂಡಬೇಕು ಎಂದು ಅಂಗಡಿಯವರು ಕೂಗಿದರು. ಕಾಕಾ ಅವರನ್ನು ಬೈದ. ಎರಡನೆಯ ಸುತ್ತಿಗೆ ದೋಣಿ ನೆಟ್ಟಗೆ ಹೋಯಿತು. ಮೂರನೆಯ ಸುತ್ತಿಗೆ ಅವನು ಬೈಯುವುದನ್ನು ನಿಲ್ಲಿಸಿದ್ದ. ಬಲಗೈ ತೊಡೆಯ ಮೇಲೆ ಆರಾಮಾಗಿ ಬಿದ್ದಿತ್ತು. ಆಮೇಲಿನ ಸುತ್ತುಗಳನ್ನು ನಾನು ಎಣಿಸಲಿಲ್ಲ. ರೈಲಿನ ಹೊತ್ತಾಯಿತು ಎಂದು ದಡದಿಂದ ಅರಚಿದೆ, ಕೈ ಬೀಸಿದೆ. ಹೊಂಡದ ಆ ಬದಿಗೆ ಹೋದಾಗ ಕೇಳಿಸದವನಂತೆ ಮುಖ ತಿರುಗಿಸಿಕೊಂಡ. ರೈಲು ನಮ್ಮ ಕಣ್ಣ ಮುಂದೆಯೇ ಕೂಗಿ ಹೋಯಿತು. ಆ ದಿನ ನನಗೆ ಸಿಟ್ಟು ಬಾರದ ತೊಂದರೆ ಅದೊಂದೇ.

ಹಿಡಿಕೆಯ ಮೋಟಾರನ್ನೇ ಕೊಂಡು ಹೊಳ್ಳಿ ಬಸ್ಸಿನಲ್ಲಿ ಬಂದೆವು. ಬ್ಯಾಟರಿ ಸೀಟಿನ ಕೆಳಗೆ ಇಟ್ಟೆವು. ಮೋಟಾರಿಗೆ ಕಂಡಕ್ಟರು ಲಗೇಜು ಟಿಕೇಟು ಹರಿದರು. ಕಾಕಾ ಅದನ್ನು ಮೇಲಿಡಲು ಒಪ್ಪದೆ ಹುಬ್ಬಳ್ಳಿಯವರೆಗೂ ತೊಡೆಯ ಮೇಲೆ ಇಟ್ಟುಕೊಂಡ, ಪಕ್ಕದವರಿಗೆಲ್ಲ ಪೌಂಡಿನ ಲೆಕ್ಕ ವಿವರಿಸಿದ. ಅದರಲ್ಲಿ ಅರ್ಧ ತಪ್ಪು. ತಿದ್ದುವ ಶಕ್ತಿ ನನಗೆ ಉಳಿದಿರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಊರಿಗೆ ಇಳಿದೆವು. ಅಬ್ಬಾ ಬಸ್ ಸ್ಟಾಪಿನಲ್ಲಿ ನಿಂತಿದ್ದ. ಮೋಟಾರಿನ ಹಿಡಿಕೆಯನ್ನು ನೋಡಿದ. ಬ್ಯಾಟರಿಯನ್ನು ತಾನೇ ಎತ್ತಿಕೊಂಡ.

"ಇವತ್ತ ಎಷ್ಟ ಮೀನ ಬಿತ್ತು?" ಎಂದು ಕಾಕಾ ಕೇಳಿದ.

"ದೋಣಿ ಬಿಡಲಿಲ್ಲ."

"ಯಾಕಲೇ?"

"ಒಬ್ಬನ ಹೋಗಾಕ ಮನಸಾಗಲಿಲ್ಲ."

ಇಬ್ಬರೂ ಮುಂದೆ ನಡೆದರು. ಬ್ಯಾಟರಿ ನೀರಿಗೆ ತಾಗದಂತೆ ಎಲ್ಲಿಡಬೇಕು ಎಂಬುದರ ಮೇಲೆ ಆಗಲೇ ಜಗಳ ಶುರುವಾಗಿತ್ತು. ಈ ಒಂದು ಮಾತನ್ನು ಬೆಳಿಗ್ಗೆ ಕಟ್ಟೆಯ ಮೇಲೆ ಬಾಯಿಬಿಟ್ಟು ಆಡಿದ್ದರೆ ನಾನು ಸಂಶಿಯಲ್ಲಿ ಹಾಗೆ ಅರಚಬೇಕಾಗಿರಲಿಲ್ಲ ಎಂದು ಹಿಂದಿನಿಂದ ಗಟ್ಟಿಯಾಗಿಯೇ ಹೇಳಿದೆ. ಇಬ್ಬರಲ್ಲಿ ಒಬ್ಬರೂ ಹೊರಳಿ ನೋಡಲಿಲ್ಲ.