ಅಕ್ಕನ ಸೀರೆಗೆ ಇಟ್ಟ ಕೆಂಪು ಬೊಟ್ಟು

ಹೈದರಾಬಾದಿನ ಆ ಕಲಾ ಗ್ಯಾಲರಿಯಲ್ಲಿ ನನಗಾದ ಅವಮಾನಗಳು ಐದೋ ಆರೋ ಎಂಬ ಬಗ್ಗೆ ನನಗೂ ಅಕ್ಕನಿಗೂ ಇನ್ನೂ ಒಮ್ಮತವಿಲ್ಲ. ಆರನೆಯದು ನಾನೇ ಕೈಯಾರೆ ಮಾಡಿಕೊಂಡದ್ದು, ಅದನ್ನು ಬೇರೆಯವರ ತಲೆಗೆ ಕಟ್ಟಬಾರದು ಎಂಬುದು ಅವಳ ವಾದ. ನಲವತ್ತು ವರ್ಷ ಮಕ್ತಲದ ರಿಜಿಸ್ಟ್ರಿ ಕಚೇರಿಯ ಎದುರು ಬೇವಿನ ಮರದ ಕೆಳಗೆ ಕುಳಿತು ಜನರ ದಸ್ತಾವೇಜು ಬರೆದವನು ನಾನು. ಯಾರ ಹೊಲದ ಮೂಡಣ ಗಡಿಗೆ ಯಾರ ಬಾವಿ ಇದೆ ಎಂಬುದನ್ನು ಒಂದಕ್ಷರ ತಪ್ಪದೆ ಬರೆದವನಿಗೆ, ಯಾವ ಬಾಗಿಲಲ್ಲಿ ಯಾರು ಏನೆಂದರು ಎಂಬುದು ಮರೆತುಹೋಗುವುದಿಲ್ಲ. ಆದರೆ ಅಲ್ಲಿ ನಡೆದದ್ದರ ಅರ್ಥ ಮಾತ್ರ ಇಂದಿಗೂ ನನಗೆ ಪೂರ್ತಿ ಹತ್ತಿಲ್ಲ.

ನಾವು ತೆಲಂಗಾಣದ ಗಡಿಯೂರು ನಾರಾಯಣಪೇಟೆಯ, ಕನ್ನಡ ಮಾತಿನ ನೇಕಾರರ ಮನೆಯವರು. ನನ್ನ ಕೈಗೆ ಲಾಳಿ ಒಲಿಯಲಿಲ್ಲ. ನನಗಿಂತ ಐದು ವರ್ಷ ದೊಡ್ಡವಳಾದ ಅಕ್ಕನಿಗೆ ಒಲಿಯಿತು. ಗದ್ವಾಲಕ್ಕೆ ಮದುವೆಯಾಗಿ ಹೋದ ಮೇಲೆ ಅಲ್ಲಿಯ ನೇಯ್ಗೆಯನ್ನೂ ಕಲಿತಳು. ಒಡಲು ಹತ್ತಿ, ಅಂಚು ರೇಷ್ಮೆ, ಎರಡೂ ಕೂಡುವಲ್ಲಿ ಎಳೆಗೆ ಎಳೆ ಸಿಕ್ಕಿಸಬೇಕು. ಒಂದು ಎಳೆ ತಪ್ಪಿದರೆ ಅಂಚು ಬಾಯಿ ಬಿಡುತ್ತದೆ. ಆಚೆಯ ಅಂಚಿನ ಲಾಳಿಯನ್ನು ಭಾವ ಎಸೆಯುತ್ತಿದ್ದರು, ಉಳಿದದ್ದೆಲ್ಲ ಅಕ್ಕ. ಅವಳು ನೇಯ್ದ ಸೀರೆಗಳು ಯಾವ ಯಾವ ಊರಿನ ಪೆಟ್ಟಿಗೆಗಳಲ್ಲಿವೆಯೋ ಅವಳಿಗೇ ಗೊತ್ತಿಲ್ಲ. ಮಗ್ಗದಿಂದ ಇಳಿದದ್ದು ನೇರವಾಗಿ ಸಾಹುಕಾರರ ಅಂಗಡಿಗೆ ಹೋಗುತ್ತಿತ್ತು. ತನಗೆಂದು ನೇಯ್ದುಕೊಂಡದ್ದು ಒಂದೇ ಒಂದು: ಒಡಲಿಗೆ ನಾರಾಯಣಪೇಟೆಯ ಚೌಕಳಿ, ಅಂಚಿಗೆ ಗದ್ವಾಲದ ರೇಷ್ಮೆ. ಅದನ್ನು ನೋಡಿ ಅವಳ ಅತ್ತೆ ಅಂದ ಮಾತು ನನಗೆ ಇನ್ನೂ ನೆನಪಿದೆ. ಆ ದಿನ ನಾನು ಅಲ್ಲಿಯೇ ಊಟಕ್ಕೆ ಕುಳಿತಿದ್ದೆ.

“ಒಡಲು ತವರಮನಿದು, ಅಂಚು ಅತ್ತಿಮನಿದು. ಈ ಸೀರಿ ಯಾವ ಊರಾಕಿದವಾ?”

“ಉಟ್ಟಾಕಿದರಿ, ಅತ್ತಿ,” ಅಂದಳು ಅಕ್ಕ.

ಉಟ್ಟದ್ದು ಕಡಿಮೆ. ಮೊದಲ ಮಗಳು ಹುಟ್ಟಿದಾಗ ಅದೇ ಸೀರೆಯನ್ನು ತೊಲೆಗೆ ಕಟ್ಟಿ ಜೋಲಿ ಮಾಡಿದರು. ಅಲ್ಲಿಂದ ಮುಂದೆ ನಮ್ಮ ಎರಡೂ ಮನೆಗಳಲ್ಲಿ ಯಾವ ಮಗು ಹುಟ್ಟಿದರೂ, ಹೆಸರಿಡುವ ದಿನ ಮೊದಲು ಮಲಗುವುದು ಆ ಸೀರೆಯ ಜೋಲಿಯಲ್ಲಿ. ನನ್ನ ಮಕ್ಕಳೂ ಅದರಲ್ಲಿಯೇ ತೂಗಿಸಿಕೊಂಡವರು. ಹಗ್ಗದ ಗಂಟು ಬೀಳುವ ಎರಡು ತುದಿಗಳಲ್ಲಿ ಬಟ್ಟೆ ತಿರುಚಿ, ಸವೆದು, ಬಣ್ಣ ಬಿಟ್ಟಿದೆ. ಎಷ್ಟು ಒಗೆದು ಮಡಿಸಿಟ್ಟರೂ ಆ ತಿರುಚು ಹೋಗುವುದಿಲ್ಲ.

ಬೇಸಿಗೆಯಲ್ಲಿ ನಗರದ ಗ್ಯಾಲರಿಯ ಮೇಡಂ ಒಬ್ಬರು ಗದ್ವಾಲಕ್ಕೆ ಬಂದು, ಮಗ್ಗಗಳ ಮನೆಮನೆ ತಿರುಗಿ, ಅಕ್ಕನ ಗೋಡೆಗೂಡಿನಲ್ಲಿದ್ದ ಆ ಸೀರೆಯನ್ನು ಕಂಡು ಪ್ರದರ್ಶನಕ್ಕೆಂದು, ಅಕ್ಕನ ಮಾತಿನಲ್ಲಿ ನುಮಾಯಿಷಿಗೆಂದು, ಕೇಳಿದರು. ಅಕ್ಕ ಕೊಟ್ಟಳು. ಇಂಗ್ಲಿಷಿನ ಒಂದು ಕಾಗದಕ್ಕೆ ರುಜುವನ್ನೂ ಹಾಕಿದಳು. ದಸ್ತಾವೇಜು ಬರೆಯುವ ತಮ್ಮ ಜೂರಾಲ ಅಣೆಕಟ್ಟು ದಾಟಿದರೆ ಸಿಗುವಷ್ಟು ಹತ್ತಿರ ಇರುವಾಗ, ಅವನಿಗೆ ತೋರಿಸದೆ! ಕೇಳಿದ್ದಕ್ಕೆ, “ನಿನಗ ತೋರಿಸಿದ್ರ ಮೂರು ದಿನ ಓದತಿದ್ದಿ, ಆಮ್ಯಾಲ ಅದರಾಗ ತಪ್ಪು ತಗೀತಿದ್ದಿ. ಆ ತಾಯಿ ಬಸ್ಸಿಗಿ ಹೋಗಬೇಕಿತ್ತು,” ಎಂದಳು. ಇದನ್ನು ನಾನು ಲೆಕ್ಕಕ್ಕೆ ಹಿಡಿದಿಲ್ಲ, ಇದು ಮನೆಯೊಳಗಿನದು.

ಮಳೆಗಾಲ ಮುಗಿಯುವ ಹೊತ್ತಿಗೆ ಅಕ್ಕನ ಮೊಮ್ಮಗಳಿಗೆ ಹೆಣ್ಣು ಮಗು ಹುಟ್ಟಿತು. ಹೆಸರಿಡುವುದು ಭಾನುವಾರ ಎಂದು ನಿಶ್ಚಯವಾಯಿತು. ಮೇಡಂ ಕೊಟ್ಟುಹೋಗಿದ್ದ ನಂಬರಿಗೆ ಫೋನು ಮಾಡಿದರೆ ಗಂಟೆ ಬಾರಿಸುತ್ತಿತ್ತೇ ಹೊರತು ಯಾರೂ ಎತ್ತಲಿಲ್ಲ. ಅಕ್ಕ ನನ್ನನ್ನು ಕರೆಸಿಕೊಂಡು ಆ ಕಾಗದವನ್ನು ಕೈಗೆ ಕೊಟ್ಟಳು.

“ನುಮಾಯಿಷ್ ನೋಡಿದಂಗೂ ಆಗತೈತಿ, ಸೀರಿ ತಂದಂಗೂ ಆಗತೈತಿ. ಹೋಗಿ ಬಾ, ತಮ್ಮಾ. ಯಾರ ಸಂಗಡಾನೂ ಜಗಳ ತಗೀಬ್ಯಾಡ.”

ಗುರುವಾರ ಬೆಳಿಗ್ಗೆ ಮಕ್ತಲದಲ್ಲಿ ಬಸ್ಸು ಹತ್ತಿದೆ. ಮರಿಕಲ್ ದಾಟುವಷ್ಟರಲ್ಲಿ ಕಾಗದವನ್ನು ಎರಡು ಸಲ ಓದಿ ಮುಗಿಸಿದ್ದೆ. ಇಂಗ್ಲಿಷ್ ಪುಸ್ತಕ ಓದುವಷ್ಟು ನನಗೆ ಬಾರದು. ಆದರೆ ಕರಾರಿನ ಇಂಗ್ಲಿಷ್ ಬರುತ್ತದೆ. ಸೀರೆಯನ್ನು ಎರವಲು ಪಡೆದಿದೆ, ಕೊಟ್ಟವರು ಬಯಸಿ ಕೇಳಿದಾಗ ಹಿಂತಿರುಗಿಸತಕ್ಕದ್ದು ಎಂದು ಅದರಲ್ಲಿ ಸ್ಪಷ್ಟವಾಗಿತ್ತು. ಕಾಗದ ಚೊಕ್ಕವಾಗಿರುವುದನ್ನು ಕಂಡು ನೆಮ್ಮದಿಯಾಯಿತು. ಅಕ್ಕನ ಅದೃಷ್ಟ ಎಂದುಕೊಂಡೆ.

ಗ್ಯಾಲರಿಯಲ್ಲಿ ಆ ವಾರ ಕಲಾ ಮೇಳ ನಡೆದಿತ್ತು. ಗೇಟಿನ ಕಾವಲುಗಾರ ನನ್ನ ಧೋತರ, ಕೊಡೆ, ಕೈಚೀಲಗಳನ್ನು ಒಮ್ಮೆ ನೋಡಿ ತೆಲುಗಿನಲ್ಲಿ, ಸಾಮಾನು ಇಳಿಸುವುದಾದರೆ ಹಿಂದಿನ ಗೇಟಿಗೆ ಹೋಗು ಎಂದ. ಏಕವಚನದಲ್ಲಿ. ಇದು ಮೊದಲನೆಯದು. ನೋಡಲು ಬಂದವನು ಎಂದು ಹೇಳಿದ ಮೇಲೆ ಒಳಗೆ ಬಿಟ್ಟನಾದರೂ ಕೊಡೆಯನ್ನು ಕಸಿದುಕೊಂಡು ಬಿಲ್ಲೆಯೊಂದನ್ನು ಕೊಟ್ಟ. ನನ್ನ ಹಿಂದೆ ಬಂದ ಹೆಂಗಸಿನ ಕೈಯಲ್ಲಿ ನನ್ನದಕ್ಕಿಂತ ಉದ್ದನೆಯ ಕೊಡೆ ಇತ್ತು. ಅದು ಅವಳೊಡನೆಯೇ ಒಳಗೆ ಹೋಯಿತು. ಇದು ಎರಡನೆಯದು.

ಒಳಗೆ ಸಾಲು ಸಾಲಾಗಿ ಬಿಳಿ ಗೋಡೆಗಳು. ಒಂದು ಮೂಲೆಯಲ್ಲಿ ಮುರಿದ ಹಂಚುಗಳನ್ನು ರಾಶಿ ಹಾಕಿ, ಸುತ್ತ ಹಗ್ಗ ಕಟ್ಟಿದ್ದರು. ಇನ್ನೊಂದು ಕಡೆ ಬರೀ ಚೌಕಟ್ಟು, ಒಳಗೆ ಏನೂ ಇಲ್ಲ. ಅದರ ಮುಂದೆ ಇಬ್ಬರು ಗಲ್ಲಕ್ಕೆ ಕೈಹಚ್ಚಿ ನಿಂತಿದ್ದರು. ಚಿತ್ರವನ್ನು ಒರೆಸಲು ಒಯ್ದಿರಬೇಕು ಎಂದುಕೊಂಡು ನಾನೂ ಸ್ವಲ್ಪ ಹೊತ್ತು ಕಾದೆ. ಯಾರೂ ತರಲಿಲ್ಲ. ನಡುವೆ ಮರದ ಒಂದು ಬೆಂಚಿತ್ತು. ಬಸ್ಸಿನಲ್ಲಿ ನಿಂತು ಬಂದ ಕಾಲುಗಳು ಅದನ್ನು ಬೇಡುತ್ತಿದ್ದವು. ಆದರೆ ಅದಕ್ಕೂ ಯಾವುದಾದರೂ ಹೆಸರಿದ್ದರೆ ಏನು ಗತಿ ಎಂದು ಹೆದರಿ ಕೂಡಲಿಲ್ಲ. ಹೊರಡುವ ಹೊತ್ತಿಗೆ ಕಸಗುಡಿಸುವವಳು ಅದರ ಮೇಲೆ ಕುಳಿತು ಚಹಾ ಕುಡಿಯುವುದನ್ನು ಕಂಡೆ. ಅದು ಬೆಂಚೇ ಆಗಿತ್ತು.

ಅಕ್ಕನ ಸೀರೆ ಕೊನೆಯ ಕೋಣೆಯಲ್ಲಿತ್ತು. ಒಂದು ಗೋಡೆ ಪೂರ್ತಿ ಅದಕ್ಕೇ ಬಿಟ್ಟಿದ್ದರು, ಮೇಲಿನಿಂದ ಬೆಳಕು ಹಾಯಿಸಿದ್ದರು. ಮಡಿಕೆ ಬಿಚ್ಚಿ ಅಷ್ಟಗಲಕ್ಕೆ ಹರಡಿದ್ದನ್ನು ನಾನು ಅದಕ್ಕೆ ಮುಂಚೆ ನೋಡಿರಲೇ ಇಲ್ಲ. ನೋಡಿದ್ದೆಲ್ಲ ಜೋಲಿಯಾಗಿ, ಒಳಗೊಂದು ಮಗುವಿನ ಭಾರ ಹೊತ್ತದ್ದು. ಆಮೇಲೆ ಪಕ್ಕದ ಫಲಕದ ತೆಲುಗು ಸಾಲುಗಳನ್ನು ಓದಿದೆ. ಹೆಸರಿರಲಿಲ್ಲ, ‘ಅಜ್ಞಾತ ನೇಕಾರಳು, ಗದ್ವಾಲ’ ಎಂದಿತ್ತು. ರುಜು ಹಾಕಿಸಿಕೊಂಡವರಿಗೆ ಅಜ್ಞಾತಳು ಹೇಗಾಗುತ್ತಾಳೆ? ಮೂರನೆಯದು. ಕೆಳಗೆ, ತುದಿಗಳ ತಿರುಚು ಸವೆತಗಳು ಹೆಣ್ಣಿನ ದುಡಿಮೆಯ ಮೌನ ಯಾತನೆಗೆ ಸಾಕ್ಷಿ ಎಂಬರ್ಥದ ಸಾಲುಗಳಿದ್ದವು.

ಕೊರಳಿಗೆ ಗುರುತಿನ ಚೀಟಿ ಹಾಕಿಕೊಂಡಿದ್ದ ಹುಡುಗಿಯೊಬ್ಬಳು ಅಲ್ಲಿದ್ದಳು. ನಮ್ಮ ಮಾತು ತೆಲುಗಿನಲ್ಲಿ ನಡೆಯಿತು. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

“ಅಮ್ಮಾ, ಇದು ಯಾತನೆಯಲ್ಲ. ಇದು ಜೋಲಿಯ ಗಂಟು.”

“ಅದು ನಿಮ್ಮ ಓದು, ಅಂಕಲ್. ಪ್ರತಿಯೊಬ್ಬರ ಓದೂ ಬೇರೆ.”

“ಓದಲ್ಲ. ಗಂಟು ಕಟ್ಟಿದವನು ನಾನು.”

“ವಾಹ್,” ಎಂದಳು. ಅವಳು ನಿಜಕ್ಕೂ ಸಂತೋಷಪಟ್ಟಂತೆ ಕಂಡಿತು. ಆದರೆ ಫಲಕ ಬದಲಾಗಲಿಲ್ಲ. ಗಂಟನ್ನು ತೋರಿಸಲು ನಾನು ಕೈ ಚಾಚಿದ ಕೂಡಲೇ, “ಮುಟ್ಟಬೇಡಿ, ಪ್ಲೀಸ್!” ಎಂದು ಎಲ್ಲರೂ ತಿರುಗಿ ನೋಡುವಂತೆ ಕೂಗಿದಳು. ನಾಲ್ಕನೆಯದು. ಆ ಸೀರೆಯಲ್ಲಿ ಮಲಗಿದ ನನ್ನ ಮಕ್ಕಳು ಅದಕ್ಕೆ ಏನೇನು ಮಾಡಿದ್ದರು ಎಂದು ಹೇಳಬೇಕೆನಿಸಿತು, ಹೇಳಲಿಲ್ಲ.

ಆಗಲೇ ನನಗೆ ಫಲಕದ ಕೆಳಮೂಲೆಯಲ್ಲಿ ಒಂದು ಕೆಂಪು ಬೊಟ್ಟು ಕಂಡದ್ದು. ದುಂಡಗೆ, ಕುಂಕುಮದ ಬಣ್ಣ, ಕಿರುಬೆರಳ ಉಗುರಿನಷ್ಟು. ಸುತ್ತಲಿನ ಗೋಡೆಗಳಲ್ಲಿ ಬೇರೆ ಯಾವುದಕ್ಕೂ ಇರಲಿಲ್ಲ.

“ಈ ಬೊಟ್ಟು ಇಟ್ಟವರು ಯಾರು?” ಎಂದು ಕೇಳಿದೆ.

“ಮೇಡಂ ಇಟ್ಟರು, ಇವತ್ತು ಬೆಳಿಗ್ಗೆ.”

ನನ್ನ ಸಿಟ್ಟು ಅಲ್ಲಿಗೇ ಅರ್ಧ ಇಳಿದುಹೋಯಿತು. ನಮ್ಮಲ್ಲಿ ಹೊಸ ಮಗ್ಗಕ್ಕೆ ಬೊಟ್ಟು ಇಡುತ್ತೇವೆ, ಹೊಸ ಲಾಳಿಗೆ ಇಡುತ್ತೇವೆ, ಮಗಳಿಗೆ ಕೊಡುವ ಸೀರೆಯ ಮೂಲೆಗೆ ಇಡುತ್ತೇವೆ. ಇಷ್ಟು ಬಿಳಿ ಗೋಡೆಯ ಜನಕ್ಕೂ ಅಷ್ಟು ಸಂಸ್ಕಾರವಿದೆಯಲ್ಲ ಎನಿಸಿತು. ಹೊರಗಿನ ಮೊಗಸಾಲೆಗೆ ಬಂದು ಅಕ್ಕನಿಗೆ ಫೋನು ಮಾಡಿದೆ.

“ಅಕ್ಕಾ, ಗ್ವಾಡಿ ತುಂಬ ನಿನ್ನ ಸೀರಿ ಒಂದ ಐತಿ. ಬೊಟ್ಟು ಇಟ್ಟಾರ.”

“ಏನು?”

“ಕುಂಕುಮದ ಬೊಟ್ಟು. ಬ್ಯಾರೆ ಯಾವುದಕ್ಕೂ ಇಲ್ಲ, ನಿಂದಕ್ಕ ಅಷ್ಟ.”

ಅಕ್ಕ ಮೆತ್ತಗೆ ಅಂದಳು: “ಇಷ್ಟು ವರ್ಷ ನೇಯ್ದೆ, ಒಬ್ಬರೂ ಬೊಟ್ಟು ಇಟ್ಟವರಿಲ್ಲ ನೋಡು. ಸಾಹುಕಾರ್ರು ಸೀರಿ ಬೆನ್ನ ತಿರುವಿ ತಪ್ಪು ಹುಡುಕತಿದ್ರು. ಬೊಟ್ಟು ಇಟ್ಟಮ್ಯಾಲ ಅದನ್ನ ಕಿತಗೊಂಡು ಬರಬಾರದು, ತಮ್ಮಾ. ಅಲ್ಲೇ ಇರಲಿ. ಕೂಸಿಗಿ ಬ್ಯಾರೆ ಸೀರಿ ಕಟ್ಟೂಣಂತ.”

ಹೀಗೆ, ಯಾವ ಸೀರೆ ತರಲು ಹೋಗಿದ್ದೆನೋ ಅದನ್ನು ಬಿಟ್ಟುಬಾ ಎಂಬ ಅಪ್ಪಣೆಯಾಯಿತು. ಬರಿಗೈಯಲ್ಲಿ ಹೊರಟವನು ಬಿಲ್ಲೆ ಕೊಟ್ಟು ಕೊಡೆ ಪಡೆಯುವಾಗ, ಸಂತೋಷ ತಡೆಯಲಾರದೆ ಕಾವಲುಗಾರನಿಗೆ ಹೇಳಿದೆ: ಒಳಗೆ ನಮ್ಮಕ್ಕನ ಸೀರೆಗೆ ಬೊಟ್ಟು ಇಟ್ಟಿದ್ದಾರೆ.

ಅವನು ಈ ಸಲ ಬಹುವಚನದಲ್ಲಿ ಮಾತಾಡಿದ. “ಹೌದೇನ್ರಿ! ಹಾಗಾದರೆ ಮಾರಾಟವಾಯಿತು. ಕೆಂಪು ಬೊಟ್ಟು ಅಂದರೆ ಮಾರಾಟ.”

ಕೊಡೆ ಅಲ್ಲಿಯೇ ಬಿಟ್ಟು ಒಳಗೆ ಹೋದೆ. ಎರವು ಕೊಟ್ಟ ವಸ್ತುವನ್ನು ಮಾರುವುದೆಂದರೇನು? ಚೀಟಿಯ ಹುಡುಗಿ, ಅದು ಮಾರಾಟವಲ್ಲ, ಯಾರೋ ಕಾದಿರಿಸಿದ್ದಾರೆ ಅಷ್ಟೇ ಎಂದಳು. ಕಚೇರಿಯಲ್ಲಿದ್ದ ತರುಣ, ಅದು ಪಕ್ಕದ ಗೋಡೆಯ ಚಿತ್ರದ್ದು, ತಪ್ಪಿ ಅಂಟಿದೆ ಎಂದ. ಕೊನೆಗೆ ಬಂದ ಮೇಡಂ, ಒಬ್ಬ ಸಂಗ್ರಾಹಕರು ಬಹಳ ಇಷ್ಟಪಟ್ಟಿದ್ದಾರೆ, ನಿಮ್ಮ ಅಕ್ಕನನ್ನು ಕೇಳಬೇಕೆಂದೇ ಇದ್ದೆವು ಎಂದರು. ಬೊಟ್ಟು ಒಂದು, ಅರ್ಥ ಮೂರು. ನನ್ನನ್ನು ನಿಲ್ಲಿಸಿಯೇ ಮಾತಾಡಿದರು, ಎದುರಿಗೆ ಎರಡು ಖಾಲಿ ಕುರ್ಚಿಗಳಿದ್ದರೂ. ಐದನೆಯದು. ನಾನು ಕಾಗದ ಬಿಚ್ಚಿ ಆ ಸಾಲಿನ ಮೇಲೆ ಬೆರಳಿಟ್ಟೆ.

ಮೇಡಂ ಓದಿದರು. “ಸರಿ. ಆದರೆ ಕೊಟ್ಟವರು ಬಯಸಿ ಕೇಳಿದಾಗ ಎಂದಿದೆ. ಕೊಟ್ಟವರು ನೀವಲ್ಲ. ಅವರೇ ಹೇಳಲಿ.”

ನನ್ನ ಜೀವಮಾನದಲ್ಲಿ ನಾನೇ ಎಷ್ಟೋ ಜನರಿಗೆ ಹೇಳಿದ ಮಾತು ಅದು. ಎದುರಾಡಲು ಬರುವಂತಿರಲಿಲ್ಲ. ಅಕ್ಕ ಆಗಲೇ ಬೇಡವೆಂದಿದ್ದಾಳೆ. ಬೇಡವೆನ್ನಲು ಕಾರಣ ನನ್ನ ತಿಳಿಗೇಡಿತನ. ಫೋನು ಮಾಡಿದೆ. ಅಕ್ಕ ಎತ್ತಿದವಳೇ, “ಬಸ್ಸು ಸಿಕ್ತೇನು? ಓಣಿಯವರಿಗೆಲ್ಲಾ ಹೇಳೀನಿ ಬೊಟ್ಟಿನ ಸುದ್ದಿ,” ಎಂದಳು.

“ಅಕ್ಕಾ, ಅದು ಕುಂಕುಮ ಅಲ್ಲ.”

“ಮತ್ತೇನು?”

“ಮಾರಾಟ ಆಗೈತಿ ಅನ್ನೂ ಗುರುತು. ನಾ ತಪ್ಪು ತಿಳಕೊಂಡೆ.”

ಆ ಮಾತು ಹೇಳುವಾಗ ನನ್ನೆದುರು ಮೂವರು ಅಪರಿಚಿತರು ನಿಂತಿದ್ದರು. ಅವರಿಗೆ ಕನ್ನಡ ಬಾರದೆಂಬುದೊಂದೇ ಸಮಾಧಾನ. ಆರನೆಯದೆಂದು ನಾನು ಎಣಿಸುವುದು ಇದನ್ನೇ.

“ಫೋನು ಆ ತಾಯಿ ಕೈಯಾಗ ಕೊಡು,” ಎಂದಳು ಅಕ್ಕ.

ಅವಳು ತೆಲುಗಿನಲ್ಲಿ ಏನು ಹೇಳಿದಳೋ ನನಗೆ ಪೂರ್ತಿ ಕೇಳಿಸಲಿಲ್ಲ. ಮೇಡಂ “ಹೌದಮ್ಮಾ”, “ಇಲ್ಲಮ್ಮಾ” ಎಂದರು, ಆಮೇಲೆ “ಹೆಣ್ಣು ಮಗುವಾ?” ಎಂದರು, ಒಮ್ಮೆ ನಕ್ಕರು. ಫೋನು ಹಿಂದಿರುಗಿಸಿ, ಸೀರೆ ಇಳಿಸಲು ತರುಣನಿಗೆ ಹೇಳಿದರು. ಬಿಳಿ ಕೈಗವಸು ತೊಟ್ಟು ಅದನ್ನು ಮಡಿಸಿದರು, ತೆಳು ಕಾಗದದಲ್ಲಿ ಸುತ್ತಿದರು. ಸೀರೆ ಮುಟ್ಟಿತೆಂದು ನಾನು ರಸೀದಿ ಬರೆದುಕೊಟ್ಟು, ಅದರ ಪ್ರತಿಗೆ ಮೊಹರು ಕೇಳಿದೆ. ಮೊಹರು ಇಲ್ಲವೆಂದರು. ಮೊಹರಿಲ್ಲದ ಕಚೇರಿಯನ್ನು ಮೊದಲ ಸಲ ಕಂಡೆ. ಹೊರಡುವಾಗ, ಫಲಕದಲ್ಲಿ ಇನ್ನೂ ಇದ್ದ ಆ ಬೊಟ್ಟನ್ನು ಉಗುರಿನಿಂದ ಎಬ್ಬಿಸಿ ರಸೀದಿಯ ಪ್ರತಿಗೆ ಅಂಟಿಸಿಕೊಂಡೆ. ಈ ಸಲ ಮುಟ್ಟಬೇಡಿ ಎಂದು ಯಾರೂ ಕೂಗಲಿಲ್ಲ.

ಭಾನುವಾರ ಗದ್ವಾಲದಲ್ಲಿ ಗಂಟು ಕಟ್ಟಿದವನು ನಾನೇ. ಹಳೆಯ ತಿರುಚಿನ ಮೇಲೆಯೇ ಹಗ್ಗ ಸರಿಯಾಗಿ ಕುಳಿತಿತು. ಮಗುವನ್ನು ಒಳಗೆ ಮಲಗಿಸಿದ ಮೇಲೆ, ಅಕ್ಕನಿಗೆ ಆ ಬೊಟ್ಟನ್ನು ತೋರಿಸಿ ಮತ್ತೊಮ್ಮೆ ತಪ್ಪೊಪ್ಪಿಕೊಂಡೆ. ಮಂಜಾದ ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

“ಈ ಕೈಯಿಂದ ಮಾರಾಟ ಆಗಿ ಹೋದ ಸೀರಿ ಒಂದೂ ತಿರುಗಿ ಬಂದಿದ್ದಿಲ್ಲ,” ಎಂದಳು. “ಇದೊಂದ ನೋಡು, ಮಾರಾಟ ಆಗಿ ಮನಿಗಿ ಬಂದದ್ದು.”

ನಂತರ ಅದನ್ನು ರಸೀದಿಯಿಂದ ಕಿತ್ತು ಜೋಲಿಯ ಅಂಚಿಗೆ ಒತ್ತಿದಳು. ಅಂಟು ಸತ್ತಿತ್ತು, ನಿಲ್ಲಲಿಲ್ಲ. ಮೊಮ್ಮಗಳನ್ನು ಕರೆದು ಕುಂಕುಮದ ಭರಣಿ ತರಿಸಿ, ಆ ಜಾಗಕ್ಕೇ ಬೆರಳಿನಿಂದ ಒಂದು ಬೊಟ್ಟು ಇಟ್ಟಳು.

“ಈಗ ಓಣಿಯವರಿಗಿ ಹೇಳಿದ್ದು ಸುಳ್ಳಾಗಲಿಲ್ಲ,” ಎಂದಳು.

ನನ್ನ ರಸೀದಿಯ ಮೇಲೆ ದುಂಡನೆಯ ಒಂದು ಕಲೆ ಉಳಿದಿದೆ. ಮೊಹರು ಇರಬೇಕಾದ ಜಾಗದಲ್ಲಿ.