ನೀರು ಬೇಡದ ಗಿಡ

ಗಿಡ ನನ್ನದಲ್ಲ, ಅದೇ ನನ್ನ ಸಂಕಟ. ಮುಲುಂಡ್‌ನಿಂದ ದಾದರ್‌ವರೆಗೆ ದಿನಾ ಲೋಕಲ್ ರೈಲಿನಲ್ಲಿ ಜೊತೆಯಾಗುತ್ತಿದ್ದ ವಿಜಯಪುರ ಕಡೆಯ ಟೇಲರ್ ಹುಡುಗಿ, ಆಸ್ಪತ್ರೆಗೆ ಸೇರುವ ಮುನ್ನ ಕುಂಡವನ್ನು ತಂದು ನನ್ನ ಮಡಿಲಲ್ಲಿಟ್ಟಿದ್ದಳು. ಬುರ್ಖಾದ ತೋಳಿನಿಂದ ದಪ್ಪ ಎಲೆಗಳ ಧೂಳು ಒರೆಸುತ್ತಾ, "ಅಕ್ಕಾ, ಇದು ಜೇಡ್ ಗಿಡ. ಎಲಿಯೊಳಗ ತನ್ನ ನೀರು ತಾನ ಇಟ್ಕೊಂಡಿರತೈತಿ. ಮಣ್ಣು ಪೂರಾ ಒಣಗಿದ ಮ್ಯಾಲ ಅಷ್ಟ ನೀರು ಹಾಕ್ರಿ. ನಾ ಬರೂತನಕ ಜ್ವಾಪಾನ್ರಿ" ಎಂದಿದ್ದಳು.

ನಾನು ಮೊದಲೇ ಪುಕ್ಕಲಿ. ಅವಳ ಕಾಯಿಲೆಯೂ ಈ ಗಿಡವೂ ನನ್ನ ತಲೆಯೊಳಗೆ ಗಂಟು ಬಿದ್ದುಬಿಟ್ಟವು. ಇದು ಚೆನ್ನಾಗಿದ್ದರೆ ಅವಳೂ ಚೆನ್ನಾಗಿರುತ್ತಾಳೆ. ಇದೆಂಥ ಹುಚ್ಚು ಅಂತ ನನಗೇ ಗೊತ್ತು, ಆದರೂ ಎದ್ದ ಕೂಡಲೇ ಕುಂಡವಿಟ್ಟಿದ್ದ ಕಿಟಕಿಯ ಗ್ರಿಲ್‌ಗೆ ಓಡುತ್ತಿದ್ದೆ.

ಮಳೆಗಾಲ ಮುಗಿದ ಮೇಲೆ ಎಲೆಗಳು ಹಳದಿಯಾಗಿ ಉದುರತೊಡಗಿದವು. ನಾನು ನೀರು ಹಾಕಿ ಎಷ್ಟೋ ದಿನವಾಗಿತ್ತು, ಆದರೂ ಬೆರಳು ಚುಚ್ಚಿದರೆ ಮಣ್ಣು ಒದ್ದೆ! ಮೇಲಿನ ಫ್ಲ್ಯಾಟಿನವರ ಎ.ಸಿ. ತೊಟ್ಟಿಕ್ಕುತ್ತಿದೆಯೆಂದು ಹತ್ತಿ ಹೋಗಿ ಜಗಳವಾಡಿದೆ. ಅವರ ಮನೆಯಲ್ಲಿ ಎ.ಸಿ.ಯೇ ಇಲ್ಲ. ಅಷ್ಟರಲ್ಲಿ ಅವಳ ಫೋನು: "ಗಿಡ ಹೆಂಗೈತ್ರಿ ಅಕ್ಕಾ?" ಚೆನ್ನಾಗಿದೆ ಅಂದೆ. ಫೋನಿಟ್ಟು ಬುಡ ಒತ್ತಿ ನೋಡಿದರೆ ಕೊಳೆತ ಬಾಳೆಹಣ್ಣಿನ ಹಾಗೆ ಮೆತ್ತಗಿತ್ತು.

ರಜೆಯ ದಿನ ಬೆಳಿಗ್ಗೆ ಗುಟ್ಟು ಬಯಲಾಯಿತು. ಪೂಜೆ ಮುಗಿಸಿದ ನನ್ನ ಅತ್ತೆಯವರು, ದೇವರಿಗೆ ಅಭಿಷೇಕ ಮಾಡಿದ ನೀರನ್ನು ತಂದು ಆ ಕುಂಡಕ್ಕೆ ಸುರಿದರು.

"ಅಯ್ಯೋ ಅತ್ತೆ, ತುಳಸಿ ಪಕ್ಕದಲ್ಲೇ ಇದೆಯಲ್ಲ! ಇದಕ್ಯಾಕೆ ಹಾಕಿದ್ರಿ?" ಕಿರುಚಿಯೇಬಿಟ್ಟೆ.

"ಯಾಕೆ ಹಾಗೆ ಬಡ್ಕೋತೀಯೇ? ಫೋನಲ್ಲಿ ನೀವಾಡೋದೆಲ್ಲ ನಂಗೂ ಕೇಳ್ಸತ್ತೆ. ಆ ಮಗೂಗೆ ವಾಸಿಯಾಗ್ಲಿ ಅಂತ ದಿನಾ ಹಾಕ್ತಿದೀನಿ. ಗೋತ್ರ, ನಕ್ಷತ್ರ ಏನಂತ ಹೇಳ್ಲಿ? ಬರೀ ಹೆಸರು ಹೇಳೇ ಸಂಕಲ್ಪ ಮಾಡ್ಕೊಂಡೆ."

ಆ ಹುಚ್ಚು ನನಗೊಬ್ಬಳಿಗೇ ಇರಲಿಲ್ಲ.

ಗಟ್ಟಿಯಾಗಿ ಉಳಿದಿದ್ದ ಒಂದೇ ಒಂದು ರೆಂಬೆಯನ್ನು ಕತ್ತರಿಸಿ, ನೆರಳಲ್ಲಿ ಪೇಪರಿನ ಮೇಲಿಟ್ಟೆ. ಕತ್ತರಿಸಿದ ಜಾಗ ಒಣಗಬೇಕು, ಆಮೇಲೆ ಒಣಮಣ್ಣಿಗೆ ನೆಡಬೇಕು, ಬೇರು ಬರುವತನಕ ನೀರು ಕೂಡದು. ಅಷ್ಟನ್ನೂ ಅತ್ತೆಯವರಿಗೆ ಬಿಡಿಸಿ ಹೇಳಿದೆ. "ಹಾಗಾದ್ರೆ ನನ್ನ ನೀರೇ..." ಎಂದವರು ಆ ದಿನವೆಲ್ಲ ಸರಿಯಾಗಿ ಊಟ ಮಾಡಲಿಲ್ಲ.

ಮರುದಿನ ಪೂಜೆಯಾದ ಮೇಲೆ ಮತ್ತೆ ಬೆಳ್ಳಿ ಲೋಟ ಹಿಡಿದು ಬಂದರು. ಅವರು ರೆಂಬೆಯ ಮುಂದೆ ನಿಂತು ಅವಳ ಹೆಸರು ಹೇಳಿದರು. ಒಂದು ಹನಿಯೂ ಅದರ ಮೇಲೆ ಬೀಳದಂತೆ ಗದ್ದದ ಕೆಳಗೆ ಎಡಗೈ ಒಡ್ಡಿ, ಅಷ್ಟೂ ನೀರನ್ನು ತಾವೇ ಕುಡಿದರು.

"ಅವಳ ಪಾಲಿಂದು ನಾನು ಕುಡಿದ್ರೂ ಆಗತ್ತಲ್ವೇನೇ?"

"ಆಗತ್ತೆ ಅತ್ತೆ" ಅಂದೆ. ಆಗುತ್ತೋ ಇಲ್ಲವೋ, ನನಗೇನು ಗೊತ್ತು?