ಮೂರು ಪೆಟ್ಟಿಗೆ ಮತ್ತು ಅತ್ತಿಗೆಯ ಮಜ್ಜಿಗೆ

ವರ್ಷಗಟ್ಟಲೆ ಸುಮ್ಮನಿದ್ದ ಪೆಟ್ಟಿಗೆಗೆ ಕರೆಂಟು ಕೊಟ್ಟರೆ ಒಂದು ವಾಸನೆ ಬರುತ್ತದೆ. ಧೂಳು ಬೆಚ್ಚಗಾಗುವ ವಾಸನೆ. ಸುಟ್ಟದ್ದೇನೂ ಅಲ್ಲ, ಆದರೆ ಅಡುಗೆಮನೆಯಿಂದ ಹೆಂಡತಿ "ಏನದು ಸುಡ್ತಾ ಇರೋದು?" ಎಂದು ಕೇಳುವಷ್ಟು ಹತ್ತಿರ. ನಿನ್ನೆ ಕೇಳಿದಳು. "ಏನಿಲ್ಲ" ಎಂದೆ. ನಮ್ಮ ಮನೆಯ ಹೆಚ್ಚಿನ ಅನಾಹುತಗಳು ಈ ಉತ್ತರದಿಂದಲೇ ಶುರುವಾಗಿವೆ.

ಮೇಜಿನ ಮೇಲಿದ್ದದ್ದು ಮೂರು ಕಬ್ಬಿಣದ ಪೆಟ್ಟಿಗೆ. ಒಂದೊಂದಕ್ಕೂ ಗಾಯಕ್ಕೆ ಹಾಕುವ ಪಟ್ಟಿ ಅಂಟಿಸಿ, ಮೇಲೆ ಪೆನ್ನಿನಲ್ಲಿ ಒಂದು, ಎರಡು, ಮೂರು ಎಂದು ಬರೆದಿದೆ. ಬರೆದವನು ಕೊಟ್ಟಿಗೆಹಾರದಲ್ಲಿ ರೇಡಿಯೋ, ಮಿಕ್ಸಿ ರಿಪೇರಿ ಮಾಡುವ ವಾಸಣ್ಣ. ಅದೂ ನಾನು ಮಾಡಬಾರದ್ದನ್ನು ಮಾಡಿ ಮುಗಿಸಿದ ಮೇಲೆ.

ಮೂಡಿಗೆರೆ ಕಡೆಯ ಆರ್ಕೆಸ್ಟ್ರಾ ತಂಡವೊಂದು ಮುಚ್ಚಿದಾಗ ಅವು ವಾಸಣ್ಣನ ಅಂಗಡಿ ಸೇರಿದ್ದವು. ಅಲ್ಲಿಂದ ನಮ್ಮ ಮನೆಗೆ ಬಂದದ್ದು ಅತ್ತಿಗೆಯ ದೆಸೆಯಿಂದ. ಅತ್ತಿಗೆ ಎಂದರೆ ಸಂಸೆಯಲ್ಲಿರುವ ನನ್ನ ಅಣ್ಣನ ಹೆಂಡತಿ. ಆ ಸುತ್ತಿನ ಮದುವೆಗಳಲ್ಲಿ ಹಸೆಹಾಡು ಎಂದರೆ ಅವರೇ. ಕೆಲವು ವರ್ಷಗಳ ಹಿಂದೆ ಅವರ ಗಂಟಲಲ್ಲಿ ಗಂಟು ಕಾಣಿಸಿತು. ಆಪರೇಷನ್ ಆದ ಮೇಲೆ ಸ್ವರ ಹೇಗಿರುತ್ತದೋ ಹೇಳಲಾಗದು ಎಂದರು ಮಂಗಳೂರಿನ ಡಾಕ್ಟರು. ಅತ್ತಿಗೆಯ ಹಿರಿಮಗಳ ಮದುವೆ ಅದರ ಮುಂದಿನ ತಿಂಗಳಿತ್ತು.

"ಮಗಳನ್ನ ಹಸೆಗೆ ಕರೆಯೋ ಹಾಡು ಬೇರೆಯವ್ರು ಹೇಳೋದು ಬೇಡ. ಈಗಲೇ ಹೇಳಿ ಇಟ್ಟುಬಿಡ್ತೀನಿ, ನೀನು ಟೇಪಿಗೆ ತುಂಬ್ಕೋ," ಎಂದರು ಅತ್ತಿಗೆ. "ಆದ್ರೆ ಮಂಟಪದಲ್ಲಿ ಹೇಳ್ದ ಹಾಗೆ ಕೇಳ್ಬೇಕು ಮಾರಾಯ. ಬಚ್ಚಲಲ್ಲಿ ಹೇಳ್ದ ಹಾಗಲ್ಲ."

ನಮ್ಮಲ್ಲಿ ಸದ್ದಿಲ್ಲದ ಜಾಗವೆಂದರೆ ಕಾಫಿ ಗೋದಾಮು. ನಾಲ್ಕೂ ಕಡೆ ಮೂಟೆ ಪೇರಿಸಿದ್ದಾಗ ಅಲ್ಲಿ ಚಪ್ಪಾಳೆ ತಟ್ಟಿದರೆ ಸದ್ದು ಕಾಲಬುಡದಲ್ಲೇ ಬೀಳುತ್ತದೆ. ಹಾಗಾಗಿ ಮಂಟಪದ ಸದ್ದು ಪೆಟ್ಟಿಗೆಯಿಂದಲೇ ಬರಬೇಕು. ವಾಸಣ್ಣ ಬಂದು ವಿವರಿಸಿದ. ಕಂಪ್ರೆಸರ್ ಎಂಬುದು ಜೋರಾದದ್ದನ್ನು ಅದುಮಿ, ಮೆತ್ತಗಿನದ್ದನ್ನು ಎತ್ತಿ, ಎರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸುತ್ತದೆ. ಟೋನ್ ಪೆಟ್ಟಿಗೆ ಕೀರಲನ್ನು ಕಳೆಯುತ್ತದೆ. ಎಕೋ ಪೆಟ್ಟಿಗೆ ಮಂಟಪ ಕೊಡುತ್ತದೆ. ಯಾವುದರ ಹಿಂದೆ ಯಾವುದು ಎಂಬುದನ್ನೂ ಹೇಳಿದ. ನಾನು ತಲೆಯಾಡಿಸಿದೆ. ನನ್ನ ತಲೆ ಕಿವಿಯನ್ನು ಕೇಳದೆಯೇ ಆಡುತ್ತದೆ.

ಅತ್ತಿಗೆ ಬಂದ ದಿನ ವಾಸಣ್ಣ ಇರಲಿಲ್ಲ. ಪೆಟ್ಟಿಗೆ ಜೋಡಿಸಲು ಕೂತೆ, ಕ್ರಮ ಮರೆತಿತ್ತು. ಆದರೆ ಮೂವತ್ತು ವರ್ಷ ಕಾಫಿ ತೋಟ ಮಾಡಿದವನಿಗೆ ಕ್ರಮ ಯಾರು ಹೇಳಿಕೊಡಬೇಕು? ಒಣಗಿಸಿ, ಚೀಲಕ್ಕೆ ತುಂಬಿ, ಕಟ್ಟಕಡೆಗೆ ಅದುಮುವುದು. ಅದುಮುವುದು ಯಾವತ್ತೂ ಕೊನೆಗೆ. ಹಾಗಾಗಿ ಎಕೋ ಮೊದಲು, ಕಂಪ್ರೆಸರ್ ಕೊನೆಗೆ. ಬಹಳ ತೃಪ್ತಿಯಾಯಿತು.

ಅತ್ತಿಗೆ ಹಾಡಿದರು, ನಡುನಡುವೆ ನೀರು ಕುಡಿದರು, ಮರುದಿನ ಮಂಗಳೂರಿಗೆ ಹೋದರು.

ಅವರು ಹೋದ ಸಂಜೆ ವಾಸಣ್ಣ ಬಂದು ಟೇಪು ಹಾಕಿ ಕೇಳಿದ. ಸ್ವರ ನಿಂತ ಕೂಡಲೇ ಹಿಂದೆ ಅಡಗಿರಬೇಕಾದ ಎಕೋ ಎದ್ದು ಮುಂದೆ ಬರುತ್ತಿತ್ತು. ಅದರ ಜೊತೆ ಅತ್ತಿಗೆಯ ಉಸಿರು, ನಮ್ಮ ಕುಕ್ಕರಿನ ಸೀಟಿ, ಬಾಗಿಲ ಬಳಿ ನಿಂತಿದ್ದ ನನ್ನ ಹೆಂಡತಿ ಸುಮಾಳಿಗೆ ಅತ್ತಿಗೆ ಹೇಳಿದ ಪಿಸುಮಾತು, ಎಲ್ಲವೂ ಹಾಡಿನಷ್ಟೇ ದೊಡ್ಡದಾಗಿ.

"ಯಾವುದು ಮೊದಲು ಹಾಕಿದ್ರಿ?" ಎಂದ.

ಹೇಳಿದೆ.

"ಸಿಪ್ಪೆ ಸುಲಿದು ಒಣಗಿಸಿದ್ರೆ ಪಾರ್ಚ್‌ಮೆಂಟು, ಒಣಗಿಸಿ ಸುಲಿದ್ರೆ ಚೆರಿ. ಹಣ್ಣು ಒಂದೇ, ಕ್ರಮ ಬೇರೆ, ಅಲ್ವಾ ಮಾರಾಯ್ರೇ? ಇದು ನಾನು ನಿಮಗೆ ಹೇಳ್ಬೇಕಾ?"

"ಈಗ ಎಕೋ ತೆಗೆಯೋಕಾಗಲ್ವಾ?"

"ಚೆರಿ ಮಾಡಿದ್ಮೇಲೆ ಅದನ್ನೇ ಪಾರ್ಚ್‌ಮೆಂಟು ಮಾಡಿ ತೋರಿಸಿ, ನಾನೂ ತೆಗೀತೀನಿ," ಎಂದು ಗಾಯದ ಪಟ್ಟಿ ಕೇಳಿ ಪೆಟ್ಟಿಗೆಗಳಿಗೆ ಅಂಟಿಸಿ, ಸರಿಯಾದ ಕ್ರಮದ ಅಂಕಿ ಬರೆದಿಟ್ಟು ಹೋದ.

ಆಪರೇಷನ್ ಆಯಿತು. ಅತ್ತಿಗೆಗೆ ಉಳಿದದ್ದು ತೆಳ್ಳಗಿನ, ಗಾಳಿ ಬೆರೆತ ಸ್ವರ. "ಹಾಡು ಚೆನ್ನಾಗಿ ಬಂದಿದೆಯಾ?" ಎಂದು ಕೇಳಿದರು. ತಲೆಯಾಡಿಸಿದೆ.

ಮದುವೆಯ ದಿನ ಮಗಳನ್ನು ಹಸೆಗೆ ಕರೆಯುವ ಹೊತ್ತು. ಸ್ಪೀಕರಿನಿಂದ ಅತ್ತಿಗೆಯ ಹಳೆಯ ಸ್ವರ ಎದ್ದಿತು. ಮಂಟಪ ತಣ್ಣಗಾಯಿತು. ಮೊದಲ ನುಡಿ ಮುಗಿಯಿತು. ಆಮೇಲೆ ಇಡೀ ಮಂಟಪಕ್ಕೆ, ಬೆಟ್ಟದಿಂದ ಇಳಿದು ಬಂದಂತೆ: "ಏ ಸುಮಾ, ಮಜ್ಜಿಗೆ ಮುಚ್ಚಿದ್ಯೇನೇ... ಮುಚ್ಚಿದ್ಯೇನೇ... ಬೆಕ್ಕು ಬರುತ್ತೆ ನೋಡು... ನೋಡು..."

ಅಡುಗೆಯವರೊಬ್ಬರು ನಿಜವಾಗಿಯೂ ಹೋಗಿ ಮಜ್ಜಿಗೆ ಮುಚ್ಚಿದರು. ಪುರೋಹಿತರು ಛಾವಣಿ ನೋಡಿದರು. ಅಷ್ಟು ಹೊತ್ತು ಅಳು ತಡೆದು ನಿಂತಿದ್ದ ಮದುಮಗಳು ನಕ್ಕಳು, ಆಮೇಲೆ ಅತ್ತಳು, ಹಸೆಗೆ ಬಂದಳು. ನಾನು ಕಂಬದ ಹಿಂದೆ ಇದ್ದೆ.

ಊಟವಾದ ಮೇಲೆ ಅತ್ತಿಗೆ ನನ್ನನ್ನು ಹುಡುಕಿಕೊಂಡು ಬಂದರು. ತಪ್ಪು ಒಪ್ಪಿಕೊಂಡೆ; ಪೆಟ್ಟಿಗೆಗಳ ಕ್ರಮವನ್ನೂ ಹೇಳಿದೆ. ಪೂರ್ತಿ ಕೇಳಿದರು. ಆಮೇಲೆ ಆ ಗಾಳಿಯ ಸ್ವರದಲ್ಲಿ, "ಹಾಡನ್ನ ಇನ್ನೊಬ್ರು ಹೇಳಿಯಾರು. ಆ ಹೊತ್ತಲ್ಲಿ ಮಜ್ಜಿಗೆ ಮುಚ್ಚಿದ್ಯಾ ಅಂತ ಕೇಳೋಳು ನಾನೊಬ್ಳೇ ಅಲ್ವನಾ," ಎಂದರು.

ಮೊನ್ನೆ ಫೋನು ಮಾಡಿದ್ದರು. ಕಿರಿಮಗಳ ಮದುವೆಯಂತೆ. "ಈಗ ಇರೋ ಸ್ವರದಲ್ಲೇ ಹೇಳ್ತೀನಿ. ಕೇಳ್ಸುತ್ತೋ ಇಲ್ವೋ, ನಿನ್ನ ಪೆಟ್ಟಿಗೆ ತೆಗೆದಿಡು."

ತೆಗೆದಿಟ್ಟಿದ್ದೇನೆ. ಧೂಳಿನ ವಾಸನೆ ಇವತ್ತು ಅಷ್ಟಿಲ್ಲ. ಮೂರು ಎಂದು ಬರೆದ ಎಕೋವನ್ನು ಮೊದಲು ಇಟ್ಟೆ, ಒಂದು ಎಂದು ಬರೆದ ಕಂಪ್ರೆಸರನ್ನು ಕೊನೆಗೆ. ವಾಸಣ್ಣನಿಗೆ ಫೋನು ಮಾಡಿ ಹೇಳಿದೆ. "ವೈರು ಸರಿಯಾಗಿ ಚುಚ್ಚಿ," ಎಂದ.

ಅತ್ತಿಗೆ ನಾಳೆ ಬೆಳಗಿನ ಬಸ್ಸಿಗೆ ಬರುತ್ತಾರೆ. ಮಜ್ಜಿಗೆ ಪಾತ್ರೆಯನ್ನು ಗೋದಾಮಿನ ಬಾಗಿಲಿಗೆ ಕಾಣುವ ಹಾಗೆ ಇಡು, ಮುಚ್ಚಬೇಡ ಎಂದು ಹೆಂಡತಿಗೆ ಹೇಳಿದ್ದೇನೆ.